ಮನುಷ್ಯರ ಭಯ: ಪೇತ್ರನಿಂದ ಕಲಿಯತಕ್ಕ ಪಾಠ

ಓದತಕ್ಕ ಭಾಗಗಳು: ಲೂಕ 22:54–62; ಅಪೊಸ್ತಲರ ಕೃತ್ಯಗಳು 4:1–22; ಗಲಾತ್ಯ 2:11–14.

ದೀಕ್ಷಾಸ್ನಾನವಾದ ದಿವಸವೇ ಹಳೇ ಸ್ವಭಾವವೆಲ್ಲಾ ಬಿಟ್ಟುಹೋಗುವದೆಂದು ನಮ್ಮಲ್ಲಿ ಕೆಲವರು ಎಣಿಸುತ್ತಾರೆ. ಹಾಗಾಗದೆ ಇರುವದನ್ನು ಕಂಡು, ತಮ್ಮ ನಂಬಿಕೆಯು ವ್ಯರ್ಥವೋ ಏನೋ ಎಂದು ಕುಗ್ಗಿಹೋಗುತ್ತಾರೆ. ಅಂಥವರ ಧೈರ್ಯಕ್ಕಾಗಿ ಪೇತ್ರನ ನಡತೆಯನ್ನು ಮೂರು ಸ್ಥಳಗಳಲ್ಲಿ ನೋಡೋಣ.

1. ಮಹಾಯಾಜಕನ ಅಂಗಳದಲ್ಲಿ. ಕರ್ತನಿಗಾಗಿ ಸಾಯುವದಕ್ಕೂ ಸಿದ್ಧನೆಂದು ಹೇಳಿದ ಪೇತ್ರನು ಅದೇ ರಾತ್ರಿ ಒಬ್ಬ ದಾಸಿಯ ಮಾತಿಗೆ ಹೆದರಿದನು. ಕೋಳಿ ಕೂಗುವದರೊಳಗೆ ಮೂರು ಸಾರಿ ಕರ್ತನನ್ನು ಅಲ್ಲಗಳೆದನು. ಅವನಲ್ಲಿ ಪ್ರೀತಿಯಿರಲಿಲ್ಲವೆಂದಲ್ಲ, ಅವನು ತನ್ನ ಬಲವನ್ನೇ ನಂಬಿದ್ದನು. ಸ್ವಂತ ಬಲದ ಮೇಲೆ ಕಟ್ಟಿದ ಧೈರ್ಯವು ಮಳೆಗೆ ನೆನೆದ ಮಣ್ಣುಗೋಡೆಯ ಹಾಗೆ ಕುಸಿಯುವದು.

2. ಹಿರೀಸಭೆಯ ಮುಂದೆ. ಅತ್ತು ಪಶ್ಚಾತ್ತಾಪಪಟ್ಟ ಅದೇ ಪೇತ್ರನು ಪವಿತ್ರಾತ್ಮಭರಿತನಾಗಿ ಅನ್ನನ ಮತ್ತು ಕಾಯಫನ ಎದುರಿನಲ್ಲಿ ಯೇಸುವಿನ ಹೆಸರನ್ನು ಅಂಜದೆ ಸಾರಿದನು. ಅವನು ವಿದ್ಯಾವಂತನಲ್ಲ, ಬೆಸ್ತನು. ಓದು ಬರಹ ಬಾರದವರಿಗೂ ದೃಢವಾದ ಶೀಲವನ್ನು ದೇವರು ಕೊಡಬಲ್ಲನೆಂಬದಕ್ಕೆ ಇದು ಸಾಕ್ಷಿ.

3. ಅಂತಿಯೋಕ್ಯದ ಪಂಕ್ತಿಯಲ್ಲಿ. ಆ ಸಭೆಯಲ್ಲಿ ಪೇತ್ರನು ಅನ್ಯಜನರ ಸಂಗಡ ಕೂಡಿ ಉಣ್ಣುತ್ತಿದ್ದನು. ಯಾವ ಮನುಷ್ಯನನ್ನೂ ಅಶುದ್ಧನೆಂದು ಎಣಿಸಬಾರದೆಂಬದನ್ನು ದೇವರು ಅವನಿಗೆ ಯೊಪ್ಪದಲ್ಲಿಯೇ ತೋರಿಸಿದ್ದನು. ಆದರೂ ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ ಅವನು ಸುನ್ನತಿಯವರಿಗೆ ಹೆದರಿ ಹಿಂಜರಿದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ, ಬಾರ್ನಬನೂ ಸಹ ಹಾಗೆಯೇ ಮಾಡಿದರು. ಅಧಿಕಾರಿಗಳಿಗೆ ಅಂಜದವನು ಸ್ವಜನರ ನಾಲಿಗೆಗೆ ಅಂಜಿದನು! ಆಗ ಪೌಲನು ಎಲ್ಲರ ಮುಂದೆ ಅವನನ್ನು ಗದರಿಸಿದನು. ಈ ಗದರಿಕೆಯು ಅವರಿಬ್ಬರ ಸಹೋದರತ್ವವನ್ನು ಮುರಿಯಲಿಲ್ಲ. ಪೇತ್ರನ ಎರಡನೆಯ ಪತ್ರಿಕೆಯು ಪೌಲನನ್ನು ಪ್ರಿಯ ಸಹೋದರನೆಂದೇ ಕರೆಯುತ್ತದೆ.

ಇದು ನಮಗೆ ದೂರದ ಸಂಗತಿಯೋ? ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗಾರರಾಗುವ ನಾವು, ಮದುವೆಯ ಊಟದಲ್ಲಿ ನೆಂಟರು ಬಂದರೆಂದು ಎಲೆ ಬಿಟ್ಟು ಏಳುವದುಂಟು. ಬೇರೆ ಕೇರಿಯ ಸಹೋದರನ ಮನೆಯಲ್ಲಿ ನೀರು ಮುಟ್ಟದೆ ನೆವ ಹೇಳುವದುಂಟು. ಹೀಗೆ ಒಬ್ಬನು ಎದ್ದರೆ ಹತ್ತು ಮಂದಿ ಏಳುತ್ತಾರೆ. ಉಳಿದವನ ಎದೆ ಒಡೆಯುತ್ತದೆ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಬ್ರಾಹ್ಮಣ ಕುಲದವರು; ಕ್ರಿಸ್ತನನ್ನು ಹಿಂಬಾಲಿಸಿದಾಗ ಅವರು ಆ ಜಾತಿಯನ್ನೂ ಬಿಟ್ಟರು. ಅವರು ಬಿಟ್ಟದ್ದನ್ನು ನಾವು ಹಿತ್ತಲ ಬಾಗಿಲಿನಿಂದ ಒಳಗೆ ತರಬಹುದೇ?

ಹಾಗಾದರೆ ಶೀಲವು ಬಲಗೊಳ್ಳುವದು ಹೇಗೆ? ಬೆಳಿಗ್ಗೆ ಪ್ರಾರ್ಥಿಸುವಾಗ, ಈ ದಿನ ಯಾರ ಮಾತಿಗೆ ಅಂಜುತ್ತೇವೋ ಅವರ ಹೆಸರನ್ನು ದೇವರ ಮುಂದೆ ಹೇಳೋಣ. ಯಾರ ಪಕ್ಕದಲ್ಲಿ ಕೂತುಕೊಳ್ಳಲು ಮನಸ್ಸು ಹಿಂಜರಿಯುವದೋ ಅವರ ಪಕ್ಕದಲ್ಲಿಯೇ ಕೂತು ಉಣ್ಣೋಣ. ಸಹೋದರನು ತಪ್ಪು ತೋರಿಸಿದರೆ ಮುನಿಯದೆ ಕೇಳೋಣ. ಸಸಿಯು ಒಂದೇ ದಿನದಲ್ಲಿ ಮರವಾಗುವದಿಲ್ಲ. ಆದರೆ ದಿನಾಲು ನೀರು ಹೊಯ್ಯುವವನು ಫಲವನ್ನು ಕಾಣುವನು. ಬಿದ್ದ ಪೇತ್ರನನ್ನು ಎತ್ತಿದ ಕರ್ತನು ನಮ್ಮನ್ನೂ ಕೈಬಿಡನು.

ಮನೆಯವರೆಲ್ಲರೂ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:

1. ಪೇತ್ರನು ಅಂಗಳದಲ್ಲಿ ಯಾರಿಗೆ ಹೆದರಿದನು? ಅಂತಿಯೋಕ್ಯದಲ್ಲಿ ಯಾರಿಗೆ?
2. ಅವನು ಹಿಂಜರಿದದ್ದರಿಂದ ಬೇರೆಯವರಿಗೆ ಯಾವ ಕೇಡಾಯಿತು?
3. ನಮ್ಮ ಸಭೆಯಲ್ಲಿ ಯಾರ ಮನೆಯಲ್ಲಿ ನಾವು ಇನ್ನೂ ಉಂಡಿಲ್ಲ? ಯಾಕೆ?