ಹಳೆಯ ಲಿವರ್ ರೈಫಲ್ ಕಡಿಮೆ ಬೆಲೆಗೆ ಸಿಕ್ಕಿದರೆ?

ಅಷ್ಟೂರಿನ ರೈತ ಸಹೋದರರೇ, ಹೊಲಕ್ಕೆ ಕಾಡುಹಂದಿ ನುಗ್ಗುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಪರಿಚಯದವರು ಕೊಡುತ್ತೇನೆಂದ ಆ ರೈಫಲಿಗೆ ಮುಂಗಡ ಕೊಡಬೇಡಿ. ಮೊದಲು ಬೀದರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪರವಾನಗಿಗೆ ಅರ್ಜಿ ಹಾಕಿ. ಮಾರುವವರ ಲೈಸೆನ್ಸಿನಲ್ಲಿರುವ ಸಂಖ್ಯೆಯೂ ರೈಫಲಿನ ಮೇಲಿನ ಸಂಖ್ಯೆಯೂ ತಾಳೆಯಾಗದಿದ್ದರೆ ಆ ಮಾತು ಅಲ್ಲಿಗೇ ಬಿಡಿ.

ಬೆಳೆ ಕಾಯಲು ರೈಫಲ್ ಬೇಕೇ ಎಂಬುದು ಇನ್ನೂ ದೊಡ್ಡ ಪ್ರಶ್ನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ನಳಿಕೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು. ರೈಫಲ್ ಗುಂಡು ಗುರಿ ತಪ್ಪಿದರೆ ಕಿಲೋಮೀಟರಿಗೂ ಆಚೆ ಹೋಗುತ್ತದೆ. ನಿಮ್ಮದು ಬಯಲು ನೆಲ. ನಿಮ್ಮೂರಿನ ಬಹಮನಿ ಗೋರಿಗಳಿಗೆ ದಿನವೂ ಜನ ಬರುತ್ತಾರೆ, ಪಕ್ಕದ ಹೊಲದಲ್ಲಿ ಕೂಲಿಯವರಿರುತ್ತಾರೆ. ಗುಂಡು ಅವರಿಗೆ ತಾಗೀತೆಂಬ ಭಯ ನನಗೆ ಕಾನೂನಿಗಿಂತ ದೊಡ್ಡದು.

ರೈಫಲಿನ 'ಸುಧಾರಣೆ' ಬಗ್ಗೆಯೂ ಕೇಳಿದ್ದೀರಿ. ಬ್ಯಾರಲ್ ಕತ್ತರಿಸಿ ಗಿಡ್ಡ ಮಾಡುವುದು ಗಂಭೀರ ಅಪರಾಧ. ಲಿವರ್ ಬಿಗಿಯಾಗಿದ್ದರೆ, ಗುಂಡಿನ ಖಾಲಿ ಕೊಳವೆ ಹೊರಬರದಿದ್ದರೆ ಪರವಾನಗಿ ಇರುವ ದುರಸ್ತಿಗಾರರಿಗೇ ಕೊಡಿ. ವೆಲ್ಡಿಂಗ್ ಅಂಗಡಿಗೆ ಒಯ್ಯಲೇಬೇಡಿ. ಮನೆಯಲ್ಲಿ ಮಾಡಬಹುದಾದದ್ದು ಗುಂಡು ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು ಒಳಗೆ ಒರೆಸಿ ತೆಳ್ಳಗೆ ಎಣ್ಣೆ ಹಚ್ಚುವುದು, ಹೆಗಲಿನ ಪಟ್ಟಿ ಬದಲಿಸುವುದು, ಅಷ್ಟೇ.

ಒಂದು ಮಾತು ಖಡಾಖಂಡಿತ: ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ. ಹೊಲಕ್ಕೆ ಕೃಷ್ಣಮೃಗ ಬಂದರೂ ಗುಂಡು ಹಾರಿಸುವಂತಿಲ್ಲ; ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಂದಿಯನ್ನೂ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ. ಹಾನಿಯಾದ ಕೂಡಲೇ ಫೋಟೊ, ಪಹಣಿ ಹಿಡಿದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ರೈಫಲಿಗೆಂದು ಕೂಡಿಟ್ಟ ಹಣದಲ್ಲಿ ಪಕ್ಕದ ಹೊಲದವರೊಂದಿಗೆ ಸೇರಿ ಸೌರ ಬೇಲಿ ಹಾಕಿಸಿ.