ಪರೀಕ್ಷೆ ದಿನ ಹೊಟ್ಟೆ ಯಾಕೆ ಕೆಡುತ್ತೆ?

ಇಂಟರ್ನಲ್ಸ್ ಇರುವ ದಿನ ಬೆಳಿಗ್ಗೆ ಹಾಸ್ಟೆಲ್ ಬಾತ್‌ರೂಮ್ ಮುಂದೆ ಕ್ಯೂ ಯಾಕೆ ಅಷ್ಟು ಉದ್ದ ಇರುತ್ತೆ ಅಂತ ಯೋಚಿಸಿದ್ದೀರಾ? ಮೆಸ್‌ನಲ್ಲಿ ಒಂದು ಇಡ್ಲಿನೂ ಗಂಟಲಲ್ಲಿ ಇಳಿಯಲ್ಲ, ಆದರೆ ಟಾಯ್ಲೆಟ್‌ಗೆ ಮಾತ್ರ ಮೂರು ಸಲ ಓಡಬೇಕು. ಪರೀಕ್ಷೆ ಮುಗಿದ ಮೇಲೆ ಹೆಚ್ಚಿನವರಿಗೆ ಎಲ್ಲಾ ಸರಿಹೋಗುತ್ತೆ. ಕೆಲವರಿಗೆ ಮಾತ್ರ ಹೋಗಲ್ಲ. ತಿಂಗಳುಗಟ್ಟಲೆ ಹೊಟ್ಟೆನೋವು, ಹೊಟ್ಟೆ ಉಬ್ಬರ, ಒಂದು ದಿನ ಭೇದಿ, ಇನ್ನೊಂದು ದಿನ ಮಲಬದ್ಧತೆ. ಟೆಸ್ಟ್ ಮಾಡಿಸಿದರೆ ರಿಪೋರ್ಟ್ ಎಲ್ಲಾ ನಾರ್ಮಲ್. ಆಮೇಲೆ ಸುತ್ತಲಿನವರು ಹೇಳುವುದು ಒಂದೇ ಮಾತು: "ಏನೂ ಇಲ್ಲ, ಸುಮ್ನೆ ಟೆನ್ಶನ್ ಮಾಡ್ಕೊಂಡಿದ್ದೀಯ."

ಈ ಮಾತಿನಲ್ಲಿ "ಟೆನ್ಶನ್" ಅನ್ನೋದು ಸ್ವಲ್ಪ ಸರಿ, "ಏನೂ ಇಲ್ಲ" ಅನ್ನೋದು ಪೂರ್ತಿ ತಪ್ಪು. ಹೇಗೆ ಅಂತ ನೋಡೋಣ.

ಐಬಿಎಸ್ ಅಂದರೆ ಏನು?

ಇರಿಟಬಲ್ ಬವೆಲ್ ಸಿಂಡ್ರೋಮ್ ಅಂದರೆ ಬೇಗ ಕೆರಳುವ ಕರುಳಿನ ಸಮಸ್ಯೆ. ಕರುಳಿನಲ್ಲಿ ಹುಣ್ಣು, ಗಡ್ಡೆ ಏನೂ ಕಾಣಿಸಲ್ಲ, ಆದರೆ ಅದು ಕೆಲಸ ಮಾಡುವ ರೀತಿ ಬದಲಾಗಿರುತ್ತೆ. 2016ರಲ್ಲಿ ಬಂದ ರೋಮ್-4 ಎಂಬ ಅಳತೆಗೋಲಿನ ಪ್ರಕಾರ, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಜೊತೆಗೆ ಈ ಮೂರರಲ್ಲಿ ಎರಡಾದರೂ ಇರಬೇಕು: ಮಲವಿಸರ್ಜನೆಗೂ ನೋವಿಗೂ ಸಂಬಂಧ, ಎಷ್ಟು ಸಲ ಹೋಗುತ್ತೇವೆ ಎನ್ನುವುದರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ. ತೊಂದರೆ ಶುರುವಾಗಿ ಕನಿಷ್ಠ 6 ತಿಂಗಳಾಗಿರಬೇಕು. ಅಂದರೆ ಪರೀಕ್ಷೆ ದಿನದ ಒಂದು ಭೇದಿ ಐಬಿಎಸ್ ಅಲ್ಲ.

ಹೊಟ್ಟೆಯೊಳಗಿನ ವೈರಿಂಗ್

ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಮೆದುಳಿನ ಆರ್ಡರ್‌ಗೆ ಕಾಯದೆ ಆಹಾರವನ್ನು ಮುಂದಕ್ಕೆ ತಳ್ಳುವ ಕೆಲಸವನ್ನು ಈ ಜಾಲವೇ ನಡೆಸಬಲ್ಲದು. ಅದಕ್ಕೇ ಅಮೆರಿಕದ ವಿಜ್ಞಾನಿ ಮೈಕಲ್ ಗರ್ಶನ್ 1998ರಲ್ಲಿ ಇದರ ಬಗ್ಗೆ ಬರೆದ ಪುಸ್ತಕಕ್ಕೆ 'ದಿ ಸೆಕೆಂಡ್ ಬ್ರೈನ್' ಅಂತ ಹೆಸರಿಟ್ಟರು. ಈ ಜಾಲವನ್ನು ಮೆದುಳಿಗೆ ಸೇರಿಸುವ ಮುಖ್ಯ ಕೇಬಲ್ ವೇಗಸ್ ನರ. ಅದರ ಎಳೆಗಳಲ್ಲಿ ಸುಮಾರು 80% ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುತ್ತವೆ.

ಮನಸ್ಸು ಹೊಟ್ಟೆಯನ್ನು ಬದಲಿಸುವುದನ್ನು ಕಣ್ಣಾರೆ ಕಂಡವರೂ ಇದ್ದಾರೆ. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನಿಗೆ ಗುಂಡು ತಗುಲಿತು. ಗಾಯ ವಾಸಿಯಾದರೂ ಜಠರಕ್ಕೆ ಹೊರಗಿನಿಂದ ಒಂದು ತೂತು ಉಳಿದುಬಿಟ್ಟಿತು. ವೈದ್ಯ ವಿಲಿಯಂ ಬ್ಯೂಮಾಂಟ್ ವರ್ಷಗಟ್ಟಲೆ ಆ ತೂತಿನ ಮೂಲಕ ಜೀರ್ಣಕ್ರಿಯೆ ನೋಡಿ, 1833ರಲ್ಲಿ ಪುಸ್ತಕ ಪ್ರಕಟಿಸಿದರು. ಸಿಟ್ಟು, ಭಯದಂಥ ಭಾವನೆಗಳಿಂದ ಜಠರದ ಒಳಪದರವೂ ಅದರ ರಸವೂ ಬದಲಾಗುವುದನ್ನು ಅವರು ಗುರುತಿಸಿದ್ದರು. "ಕರುಳು ಚುರುಕ್ ಅಂತು", "ಹೊಟ್ಟೆ ತೊಳಸಿದ ಹಾಗಾಯ್ತು" ಅನ್ನುವ ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು ಅನ್ಸುತ್ತೆ!

ಒತ್ತಡ ಬಂದಾಗ ಮೆದುಳು ಸಿಆರ್‌ಎಚ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತೆ. ಇದರ ಪರಿಣಾಮವಾಗಿ ಜಠರ ನಿಧಾನವಾಗುತ್ತೆ, ದೊಡ್ಡ ಕರುಳು ಜೋರಾಗುತ್ತೆ. ಇಡ್ಲಿ ಇಳಿಯದಿರುವುದು, ಟಾಯ್ಲೆಟ್‌ಗೆ ಓಡುವುದು ಎರಡಕ್ಕೂ ಇದು ಒಂದು ಮುಖ್ಯ ಕಾರಣ.

ಮೈಕ್ ಮತ್ತು ಸ್ಪೀಕರ್

ಹಾಗಾದರೆ ಕೆಲವರಿಗೆ ಮಾತ್ರ ಯಾಕೆ ನಿಲ್ಲಲ್ಲ? ಕರುಳಿನ ಕೊನೆಯ ಭಾಗದಲ್ಲಿ ಸಣ್ಣ ಬಲೂನ್ ಇಟ್ಟು ಗಾಳಿ ತುಂಬುವ ಪ್ರಯೋಗಗಳು 1970ರ ದಶಕದಿಂದ ನಡೆದಿವೆ. ಐಬಿಎಸ್ ಇರುವ ಅನೇಕರಿಗೆ ಬೇರೆಯವರಿಗಿಂತ ಕಡಿಮೆ ಗಾಳಿಗೇ ನೋವಾಗುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಆಂಪ್ಲಿಫೈಯರ್‌ನ ಗೇನ್ ಜಾಸ್ತಿ ಆಗಿದೆ. ಸಿಗ್ನಲ್ ಚಿಕ್ಕದು, ಔಟ್‌ಪುಟ್ ದೊಡ್ಡದು.

ರಾಜ್ಯೋತ್ಸವದ ದಿನ ಮೈಕನ್ನು ಸ್ಪೀಕರ್ ಮುಂದೆ ತಂದರೆ ಕುಂಯ್ ಅಂತ ಕಿರುಚುತ್ತಲ್ಲ, ಇಲ್ಲೂ ಅದೇ ಕಥೆ. ಒತ್ತಡದಿಂದ ಕರುಳು ಕೆರಳುತ್ತೆ, ನೋವು ಮೇಲಕ್ಕೆ ಹೋಗುತ್ತೆ, "ಎಕ್ಸಾಮ್ ಹಾಲ್‌ನಲ್ಲಿ ಬಂದ್ರೆ ಏನ್ ಗತಿ" ಅಂತ ಭಯ ಹುಟ್ಟುತ್ತೆ, ಆ ಭಯ ಮತ್ತೆ ಕರುಳಿಗೆ ಇಳಿಯುತ್ತೆ. ಪಾಸಿಟಿವ್ ಫೀಡ್‌ಬ್ಯಾಕ್! ಈ ಲೂಪ್ ಎಲ್ಲಿಂದ ಬೇಕಾದರೂ ಶುರುವಾಗಬಹುದು. ಜೋರಾಗಿ ಫುಡ್ ಪಾಯ್ಸನ್ ಆದ ಮೇಲೆ ಸೋಂಕು ಹೋಗಿ ಐಬಿಎಸ್ ಉಳಿದುಕೊಳ್ಳುವುದೂ ಉಂಟು. ಹಾಗಾಗಿ ಒತ್ತಡವೊಂದೇ ಕಾರಣ ಅಂತ ಹೇಳೋಕಾಗಲ್ಲ. ಆ ನೋವು ಕಲ್ಪನೆ ಅಂತೂ ಖಂಡಿತ ಅಲ್ಲ.

ಏನು ಮಾಡಬಹುದು?

ಲೂಪನ್ನು ಎಲ್ಲಿ ಕತ್ತರಿಸಿದರೂ ಪ್ರಯೋಜನ ಇದೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ದಿನಾ ನಡಿಗೆ, ಕಾಫಿ-ಟೀ ಕಡಿಮೆ. ಇಸಬ್ಗೋಲ್ ಕೆಲವರಿಗೆ ಸಹಾಯ ಮಾಡುತ್ತೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ರಾಜ್ಮಾ, ಹಾಲು ಕೆಲವರ ಕರುಳಿನಲ್ಲಿ ಗ್ಯಾಸ್ ಹೆಚ್ಚಿಸುತ್ತವೆ. ಆದರೆ ಎಲ್ಲವನ್ನೂ ನೀವೇ ಬಿಟ್ಟುಬಿಡಬೇಡಿ, ಡಾಕ್ಟರ್ ಅಥವಾ ಡಯಟೀಶಿಯನ್ ಕೇಳಿ ಮಾಡಿ. ಭಯದ ಯೋಚನೆಗಳನ್ನು ಬದಲಿಸಲು ಕಲಿಸುವ ಸಿಬಿಟಿ ಎಂಬ ಕೌನ್ಸೆಲಿಂಗ್ ವಿಧಾನದಿಂದಲೂ ಐಬಿಎಸ್ ಲಕ್ಷಣಗಳು ಕಡಿಮೆಯಾಗುತ್ತವೆ. ಅದಕ್ಕೆ ಹೋದರೆ "ತಲೆ ಕೆಟ್ಟಿದೆ" ಅಂತ ಅರ್ಥ ಅಲ್ಲ, ವೈರ್‌ನ ಇನ್ನೊಂದು ತುದಿ ರಿಪೇರಿ ಮಾಡ್ತಿದ್ದೀವಿ ಅಷ್ಟೆ.

ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು: ಇವುಗಳಲ್ಲಿ ಒಂದಿದ್ದರೂ "ಟೆನ್ಶನ್" ಅಂತ ಬಿಡಬೇಡಿ. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಸುಮ್ಮನಾಗದೆ ಡಾಕ್ಟರ್‌ಗೆ ತೋರಿಸಿ.

ಇನ್ನು, ನಿಮ್ಮ ರೂಮ್‌ಮೇಟ್ ಹೊಟ್ಟೆ ಹಿಡ್ಕೊಂಡು ಕೂತಿದ್ದರೆ "ಏನೂ ಇಲ್ಲ ಬಿಡೋ" ಅನ್ನಬೇಡಿ. "ಎಷ್ಟು ದಿನದಿಂದ ಹೀಗಿದೆ?" ಅಂತ ಕೇಳಿ.