ಎರ್ಲಾಂಗ್ ತಂತ್ರಾಂಶದ ಕಾರ್ಯಕ್ಷಮತೆ: ಅಂಕಿಗಳ ಸಂಗ್ರಹ ಮತ್ತು ವರದಿ

ಆರ್ಡರ್ ಸ್ವೀಕಾರ, ದಾಸ್ತಾನು, ಗ್ರಾಹಕರಿಗೆ ಸಂದೇಶ ರವಾನೆ ಮುಂತಾದ ಕಾರ್ಯಗಳನ್ನು ತಂತ್ರಾಂಶ ಪೂರೈಕೆದಾರರಿಗೆ ವಾರ್ಷಿಕ ಕರಾರಿನ ಮೇಲೆ ವಹಿಸುವ ಪದ್ಧತಿ ಈಗ ಸಣ್ಣ ಉದ್ಯಮಗಳಲ್ಲಿಯೂ ಬೇರೂರಿದೆ. ಇಂತಹ ಕರಾರುಗಳಲ್ಲಿ 'ಸರಾಸರಿ ಪ್ರತಿಕ್ರಿಯಾ ಸಮಯ ಒಂದು ಸೆಕೆಂಡಿಗಿಂತ ಕಡಿಮೆ ಇರತಕ್ಕದ್ದು' ಎಂಬಂತಹ ಷರತ್ತು ಇರುವುದುಂಟು. ತಿಂಗಳಾಂತ್ಯದಲ್ಲಿ ವರದಿ ಬರುತ್ತದೆ, ಷರತ್ತು ಪಾಲನೆಯಾಗಿದೆಯೆಂದು ಹಣ ಪಾವತಿಯಾಗುತ್ತದೆ. ಆ ಅಂಕಿಗಳು ಹೇಗೆ ಹುಟ್ಟಿದವು, ಏನನ್ನು ಮರೆಮಾಚುತ್ತವೆ ಎಂಬುದನ್ನು ಹಣ ತೆರುವವರು ತಿಳಿದಿರುವುದು ಅವಶ್ಯ. ಇಂತಹ ಸೇವೆಗಳಲ್ಲಿ ಬಳಕೆಯಲ್ಲಿರುವ ಎರ್ಲಾಂಗ್ ಭಾಷೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

ಎರ್ಲಾಂಗ್ ಎಂದರೇನು?

ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ಅವರು 1909ರಿಂದ ದೂರವಾಣಿ ಕರೆಗಳ ದಟ್ಟಣೆಯ ಲೆಕ್ಕಾಚಾರಕ್ಕೆ ಶಾಸ್ತ್ರೀಯ ತಳಹದಿ ಹಾಕಿದರು. ದಟ್ಟಣೆಯ ಮಾಪನಕ್ಕೂ ಅವರ ಹೆಸರೇ ನಿಂತಿದೆ. ಗಂಟೆಗೆ 30 ಕರೆ ಬಂದು, ಪ್ರತಿಯೊಂದೂ ಸರಾಸರಿ 4 ನಿಮಿಷ ನಡೆದರೆ ಒಟ್ಟು 120 ನಿಮಿಷ, ಅಂದರೆ 2 ಎರ್ಲಾಂಗ್. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್ ಮತ್ತು ಮೈಕ್ ವಿಲಿಯಮ್ಸ್ ಅವರು 1986ರ ಸುಮಾರಿಗೆ ಆರಂಭಿಸಿದ ಭಾಷೆಗೆ ಇದೇ ಹೆಸರು ಬಂದಿತು. 1998ರಲ್ಲಿ ಅದು ಎಲ್ಲರ ಬಳಕೆಗೆ ಮುಕ್ತವಾಯಿತು. ನಮ್ಮ ವ್ಯಾಪಾರಿಗಳು ದಿನನಿತ್ಯ ಬಳಸುವ ವಾಟ್ಸ್‌ಆ್ಯಪ್ ಸೇವೆಯ ಸರ್ವರ್‌ಗಳು ಈ ಭಾಷೆಯಲ್ಲಿ ರಚಿತವಾದವು.

ಎರ್ಲಾಂಗ್‌ನಲ್ಲಿ ಕೆಲಸವು ಸಾವಿರಾರು, ಕೆಲವೊಮ್ಮೆ ಲಕ್ಷಾಂತರ, ಸಣ್ಣ 'ಪ್ರೊಸೆಸ್'ಗಳಲ್ಲಿ ಹಂಚಿಹೋಗಿರುತ್ತದೆ. ಪ್ರತಿಯೊಂದಕ್ಕೂ ತನ್ನದೇ ಟಪಾಲು ಪೆಟ್ಟಿಗೆಯಿದ್ದು, ಅವು ಪರಸ್ಪರ ಸಂದೇಶಗಳ ಮೂಲಕ ವ್ಯವಹರಿಸುತ್ತವೆ. ಒಂದು ಪ್ರೊಸೆಸ್ ಕುಸಿದರೆ 'ಸೂಪರ್‌ವೈಸರ್' ಎಂಬ ಮೇಲ್ವಿಚಾರಕ ಪ್ರೊಸೆಸ್ ಅದನ್ನು ಮತ್ತೆ ಆರಂಭಿಸುತ್ತದೆ.

ಮೂರು ಬಗೆಯ ಅಂಕಿಗಳು

ಮೊದಲನೆಯದು ಕೌಂಟರ್. ಇದು ಬಿಲ್ ಪುಸ್ತಕದ ಕ್ರಮಸಂಖ್ಯೆಯಂತೆ ಏರುತ್ತಲೇ ಹೋಗುತ್ತದೆ: ಬಂದ ಆರ್ಡರ್‌ಗಳು, ವಿಫಲವಾದ ಪಾವತಿಗಳು. ಎರಡನೆಯದು ಗೇಜ್. ಇದು ಗಲ್ಲಾಪೆಟ್ಟಿಗೆಯ ಶಿಲ್ಕಿನಂತೆ ಆ ಕ್ಷಣದ ಸ್ಥಿತಿಯನ್ನು ತೋರಿಸುತ್ತದೆ: ಬಳಕೆಯಲ್ಲಿರುವ ಮೆಮೊರಿ, ಪ್ರೊಸೆಸ್‌ಗಳ ಸಂಖ್ಯೆ, ಟಪಾಲು ಪೆಟ್ಟಿಗೆಯಲ್ಲಿ ಕಾಯುತ್ತಿರುವ ಸಂದೇಶಗಳು. ಮೂರನೆಯದು ಹಿಸ್ಟೋಗ್ರಾಂ. ಬಾಕಿದಾರರ ಪಟ್ಟಿಯನ್ನು 30 ದಿನ, 60 ದಿನ, 90 ದಿನ ಎಂದು ವಿಂಗಡಿಸುವಂತೆ, ಪ್ರತಿಕ್ರಿಯಾ ಸಮಯಗಳನ್ನು ಇದು ಅವಧಿವಾರು ವಿಂಗಡಿಸುತ್ತದೆ.

ಎರ್ಲಾಂಗ್ ಸೇವೆಯಲ್ಲಿ ಟಪಾಲು ಪೆಟ್ಟಿಗೆಯ ಗೇಜ್ ಅತ್ಯಂತ ಮುಖ್ಯ. ಒಂದು ಪ್ರೊಸೆಸ್ ತಾನು ಮುಗಿಸಬಲ್ಲುದಕ್ಕಿಂತ ಹೆಚ್ಚು ಸಂದೇಶಗಳನ್ನು ಸತತವಾಗಿ ಪಡೆದರೆ ಪೆಟ್ಟಿಗೆ ಬೆಳೆಯುತ್ತದೆ, ಮೆಮೊರಿ ತುಂಬುತ್ತದೆ, ಕಡೆಗೆ ಇಡೀ ಸೇವೆಯೇ ನಿಲ್ಲಬಹುದು. ಈ ಸಂಖ್ಯೆಯನ್ನು ಗಮನಿಸುತ್ತಿದ್ದರೆ ಮುನ್ಸೂಚನೆ ದೊರೆಯುತ್ತದೆ.

ಸರಾಸರಿಯ ಮರೆಯಲ್ಲಿ

ನೂರು ಆರ್ಡರ್‌ಗಳಲ್ಲಿ 95 ತಲಾ 0.2 ಸೆಕೆಂಡಿನಲ್ಲಿಯೂ, 5 ತಲಾ 16 ಸೆಕೆಂಡಿನಲ್ಲಿಯೂ ಮುಗಿದವೆನ್ನೋಣ. ಒಟ್ಟು ಸಮಯ 19 ಮತ್ತು 80 ಸೇರಿ 99 ಸೆಕೆಂಡು, ಸರಾಸರಿ 0.99 ಸೆಕೆಂಡು. ಮೇಲೆ ಹೇಳಿದ ಷರತ್ತು ಅಕ್ಷರಶಃ ಪಾಲನೆಯಾಯಿತು. ಆದರೆ ಐವರು ಗ್ರಾಹಕರು ತಲಾ 16 ಸೆಕೆಂಡು ಕಾದರು. ಅವರಲ್ಲಿ ಎಷ್ಟು ಮಂದಿ ಬೇರೆ ಅಂಗಡಿಯ ದಾರಿ ಹಿಡಿದರೆಂಬುದು ವರದಿಯಲ್ಲಿ ಕಾಣುವುದಿಲ್ಲ.

ಆದುದರಿಂದ ಸರಾಸರಿಯ ಬದಲು ಶತಮಾಂಶಗಳನ್ನು ಕೇಳಬೇಕು. ಸಮಯಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ನೂರರಲ್ಲಿ 99ನೆಯದು 99ನೇ ಶತಮಾಂಶ. ಇಲ್ಲಿ ಅದು 16 ಸೆಕೆಂಡು. ಆದರೆ 95ನೇ ಶತಮಾಂಶ 0.2 ಸೆಕೆಂಡು ಮಾತ್ರ. ಯಾವ ಶತಮಾಂಶವೆಂದು ಕರಾರಿನಲ್ಲಿ ನಮೂದಿಸದಿದ್ದರೆ, ಅದೇ ದತ್ತಾಂಶದಿಂದ ಅನುಕೂಲವಾದ ಅಂಕಿಯನ್ನು ಆರಿಸಿಕೊಳ್ಳಲು ಅವಕಾಶವಾಗುತ್ತದೆ.

ಇನ್ನೊಂದು ಎಚ್ಚರಿಕೆ: ಶತಮಾಂಶಗಳ ಸರಾಸರಿ ತೆಗೆಯಬಾರದು. ಒಂದು ಶಾಖೆಗೆ 1 ಲಕ್ಷ ರೂಪಾಯಿ ಮಾರಾಟದ ಮೇಲೆ ಶೇಕಡಾ 20 ಲಾಭ, ಇನ್ನೊಂದಕ್ಕೆ 9 ಲಕ್ಷದ ಮೇಲೆ ಶೇಕಡಾ 5 ಲಾಭವಿದ್ದರೆ, ಒಟ್ಟು ಲಾಭ ಶೇಕಡಾ 12.5 ಅಲ್ಲ, 10 ಲಕ್ಷಕ್ಕೆ 65,000 ರೂಪಾಯಿ, ಅಂದರೆ ಶೇಕಡಾ 6.5. ಅದೇ ರೀತಿ ಎರಡು ಸರ್ವರ್‌ಗಳ ಶತಮಾಂಶಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ಅರ್ಥಹೀನ ಸಂಖ್ಯೆ ಬರುತ್ತದೆ. ಆದರೆ ಒಂದೇ ವಿಂಗಡಣೆಯ ಹಿಸ್ಟೋಗ್ರಾಂಗಳಾಗಿದ್ದರೆ, ಅವುಗಳ ಅವಧಿವಾರು ಎಣಿಕೆಗಳನ್ನು ಮೊದಲು ಕೂಡಿ, ಅನಂತರ ಶತಮಾಂಶವನ್ನು ಅಂದಾಜು ಮಾಡಬಹುದು.

ಸಂಗ್ರಹದ ಕ್ರಮ

ಅಳತೆಗೂ ಖರ್ಚಿದೆ. ಪ್ರತಿ ಆರ್ಡರಿನ ಲೆಕ್ಕವನ್ನೂ ಒಂದೇ ಪ್ರೊಸೆಸ್‌ಗೆ ಸಂದೇಶವಾಗಿ ಕಳುಹಿಸಿದರೆ, ಆ ಒಬ್ಬ ಗುಮಾಸ್ತನ ಮುಂದೆಯೇ ಸಾಲು ಬೆಳೆದು ಅಳತೆಯೇ ವಿಳಂಬಕ್ಕೆ ಕಾರಣವಾಗಬಹುದು. ಇದನ್ನು ತಪ್ಪಿಸಲು ಹಲವು ಪ್ರೊಸೆಸ್‌ಗಳು ನೇರವಾಗಿ ಬರೆಯಬಲ್ಲ 'ಇಟಿಎಸ್' ಕೋಷ್ಟಕವನ್ನು ಬಳಸಲಾಗುತ್ತದೆ. 2018ರಲ್ಲಿ ಬಂದ ಓಟಿಪಿ 21.2 ಆವೃತ್ತಿಯಿಂದ ಇದಕ್ಕೆಂದೇ 'ಕೌಂಟರ್ಸ್' ಮಾಡ್ಯೂಲ್ ಕೂಡ ಲಭ್ಯವಿದೆ. ಇಟಿಎಸ್ ಕೋಷ್ಟಕದ ಒಡೆತನ ಹೊಂದಿದ ಪ್ರೊಸೆಸ್ ಕುಸಿದರೆ, ವಾರಸುದಾರನನ್ನು ನಮೂದಿಸದಿದ್ದಲ್ಲಿ, ಕೋಷ್ಟಕವೂ ಅಳಿಸಿಹೋಗುತ್ತದೆ. ಆದುದರಿಂದ ಒಡೆತನವು ಬೇರಾವ ಕೆಲಸವನ್ನೂ ಮಾಡದ ಪ್ರತ್ಯೇಕ ಪ್ರೊಸೆಸ್‌ನಲ್ಲಿರುವುದು ಕ್ಷೇಮ.

ಬಹುಬಳಕೆಯ 'ಟೆಲಿಮೆಟ್ರಿ' ಎಂಬ ಗ್ರಂಥಾಲಯದಲ್ಲಿ ಅಳತೆ ಮಾಡುವ ಹ್ಯಾಂಡ್ಲರ್, ಕೆಲಸ ಮಾಡುತ್ತಿರುವ ಪ್ರೊಸೆಸ್‌ನ ಒಳಗೇ ನಡೆಯುತ್ತದೆ. ಅದು ನಿಧಾನವಾದರೆ ಕೆಲಸವೂ ನಿಧಾನ. ಅದರಲ್ಲಿ ದೋಷ ಸಂಭವಿಸಿದರೆ ಗ್ರಂಥಾಲಯವು ಅದನ್ನು ಕಳಚಿಹಾಕುತ್ತದೆ. ಸೇವೆ ಮುಂದುವರಿಯುತ್ತದೆ, ಅಂಕಿ ಮಾತ್ರ ನಿಲ್ಲುತ್ತದೆ. 'ವೈಫಲ್ಯ ಶೂನ್ಯ' ಎಂಬುದಕ್ಕೂ 'ವೈಫಲ್ಯವನ್ನು ಎಣಿಸಿಲ್ಲ' ಎಂಬುದಕ್ಕೂ ಇರುವ ಅಂತರವನ್ನು ಲೆಕ್ಕಪರಿಶೋಧನೆಯ ಅನುಭವವಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವರದಿಯ ಕ್ರಮ

ಸೇವೆಯೇ ಅಂಕಿಗಳನ್ನು ಕಳುಹಿಸುವುದು ಒಂದು ವಿಧಾನ. ಪ್ರೊಮಿಥಿಯಸ್‌ನಂತಹ ವ್ಯವಸ್ಥೆ ನಿಗದಿತ ಅವಧಿಗೊಮ್ಮೆ ಬಂದು ಓದಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ, ಓದಲು ಸಾಧ್ಯವಾಗದಿದ್ದರೆ ಅದೂ ಒಂದು ದಾಖಲೆಯಾಗುತ್ತದೆ.

ಕೌಂಟರ್ ಓದುವಾಗ ಮರುಆರಂಭವನ್ನು ಗಮನಿಸಬೇಕು. ಅನುಕ್ರಮ ಅಂಕಿಗಳು 5,000, 5,400, 150 ಎಂದಿದ್ದರೆ ವ್ಯಾಪಾರ 5,250 ಇಳಿಯಿತೆಂದಲ್ಲ. ಸೇವೆ ಮತ್ತೆ ಆರಂಭವಾಗಿ ಹೊಸ ಬಿಲ್ ಪುಸ್ತಕ ತೆರೆಯಿತೆಂದರ್ಥ. ಮೊದಲ ಓದಿನ ನಂತರ ಕನಿಷ್ಠ 400 ಮತ್ತು 150, ಅಂದರೆ 550 ಆರ್ಡರ್‌ಗಳು ಬಂದಿವೆ. ಕೊನೆಯ ಓದಿಗೂ ನಿಲುಗಡೆಗೂ ನಡುವೆ ಬಂದವು ಈ ಲೆಕ್ಕದಲ್ಲಿಲ್ಲ. ಹೀಗಾಗಿ ಈ ಅಂಕಿಗಳು ಮೇಲ್ವಿಚಾರಣೆಗೆ ಯೋಗ್ಯವೇ ಹೊರತು, ಬಿಲ್ಲಿಂಗ್‌ಗೆ ಅಥವಾ ತೆರಿಗೆ ಲೆಕ್ಕಕ್ಕೆ ಆಧಾರವಾಗಕೂಡದು.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

1. ಕರಾರಿನ ಮಿತಿ ಸರಾಸರಿಯದೋ, ಶತಮಾಂಶದ್ದೋ? ಯಾವ ಶತಮಾಂಶ?
2. ಅಳತೆಯ ಅವಧಿ ಯಾವುದು? ವ್ಯಾಪಾರದ ದಟ್ಟಣೆಯ ಗಂಟೆಗಳ ಅಂಕಿ ಪ್ರತ್ಯೇಕವಾಗಿದೆಯೇ?
3. ವಿಫಲವಾದ ಆರ್ಡರ್‌ಗಳನ್ನು ಸಮಯದ ಲೆಕ್ಕದಲ್ಲಿ ಸೇರಿಸಲಾಗಿದೆಯೇ, ಬಿಡಲಾಗಿದೆಯೇ?
4. ಅಂಕಿಗಳು ಬಾರದಿದ್ದ ಅವಧಿಯನ್ನು ವರದಿಯಲ್ಲಿ ಹೇಗೆ ತೋರಿಸಲಾಗುತ್ತದೆ?
5. ಟಪಾಲು ಪೆಟ್ಟಿಗೆ ಮತ್ತು ಮೆಮೊರಿ ಯಾವ ಮಿತಿ ದಾಟಿದಾಗ, ಯಾರಿಗೆ ಎಚ್ಚರಿಕೆ ಹೋಗುತ್ತದೆ?
6. ಮೂಲ ದತ್ತಾಂಶವನ್ನು ಎಷ್ಟು ತಿಂಗಳು ಕಾಯ್ದಿರಿಸಲಾಗುತ್ತದೆ? ನಮಗೆ ಅದರ ಪ್ರತಿ ದೊರೆಯುವುದೇ?

ಇವುಗಳ ಉತ್ತರಗಳನ್ನು ಲಿಖಿತವಾಗಿ ಪಡೆದು ಕರಾರಿನ ಅನುಬಂಧವಾಗಿ ಸೇರಿಸುವುದು ಉಚಿತ. ತಮ್ಮ ಮಾರಾಟ ವಹಿಯಲ್ಲಿನ ಆರ್ಡರ್‌ಗಳ ಸಂಖ್ಯೆಯನ್ನು ವರದಿಯ ಸಂಖ್ಯೆಯೊಡನೆ ತಿಂಗಳಿಗೊಮ್ಮೆ ತಾಳೆ ನೋಡುವುದಕ್ಕೆ ಯಾವ ತಾಂತ್ರಿಕ ಜ್ಞಾನವೂ ಬೇಕಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ತಾಳೆ ಹಾಕುವ ಅಭ್ಯಾಸವುಳ್ಳವರು ಈ ಕೆಲಸವನ್ನು ಬರುವ ತಿಂಗಳ ವರದಿಯಿಂದಲೇ ಆರಂಭಿಸಬಹುದು.